ಸ್ಯಾಂಪಲ್ ತಂದಿದ್ದೀರಾ? ಹಳೇ ವೋಲ್ವೋ 240 ಎಸ್ಟೇಟ್ ಕಾರನ್ನು ಮತ್ತೆ ರಸ್ತೆಗಿಳಿಸುವವರಿಗೆ

ಬೆಂಗಳೂರಿನ ಜೆ.ಸಿ. ರೋಡಿನ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ ಮೊದಲು ಕೇಳುವ ಮಾತು ಒಂದೇ: "ಸ್ಯಾಂಪಲ್ ತಂದಿದ್ದೀರಾ ಸಾರ್?" ಕಳಚಿದ ಹಳೇ ಪಾರ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿದ್ದರೆ ಐದು ನಿಮಿಷದ ಕೆಲಸ. ಬರಿಗೈಲಿ ಹೋದರೆ ಎರಡು ದಿನ ಅಲೆದಾಟ. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರ್ ಹಿಂದೆ ಕೂತು ಹೋಗಿ ಇದನ್ನು ಕಲಿತಿದ್ದೆ. ಅದು ಚೆನ್ನಾಗಿ ಉಪಯೋಗಕ್ಕೆ ಬಂದಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, 1987ರ ಮಾಡೆಲ್ ವೋಲ್ವೋ 240 ಎಸ್ಟೇಟ್ ಒಂದನ್ನು ಬಿಚ್ಚಿ ಜೋಡಿಸಲು ಕೂತಾಗ. ಎಸ್ಟೇಟ್ ಅಂದರೆ ಸ್ಟೇಷನ್ ವ್ಯಾಗನ್, ಹಿಂದೆ ಸಾಮಾನಿಗೆ ಉದ್ದನೆಯ ಜಾಗ ಮತ್ತು ಒಂದು ಹಿಂಬಾಗಿಲು ಇರುವ ಕಾರು.

ನಮ್ಮೂರಲ್ಲಿ ವೋಲ್ವೋ ಅಂದರೆ ಬಸ್ಸು. ಕೆಎಸ್‌ಆರ್‌ಟಿಸಿಯ ಐರಾವತ ನೆನಪಾಗುತ್ತದೆ, ಹೊಸಕೋಟೆಯ ಫ್ಯಾಕ್ಟರಿ ನೆನಪಾಗುತ್ತದೆ. ಸ್ವೀಡನ್ನಿನಲ್ಲಿ ಒಂದು ಇಡೀ ತಲೆಮಾರಿಗೆ ವೋಲ್ವೋ ಅಂದರೆ ಪೆಟ್ಟಿಗೆಯಂಥ ಈ ಉದ್ದನೆಯ ಕಾರು. 1974ರಲ್ಲಿ ಬಂತು, 1993ರ ಮೇ ತಿಂಗಳವರೆಗೆ ತಯಾರಾಯಿತು. ಎಲ್ಲ ಬಗೆಯೂ ಸೇರಿ 28 ಲಕ್ಷಕ್ಕೂ ಹೆಚ್ಚು ಕಾರು. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಎಸ್ಟೇಟ್. ಸ್ಟೇಷನ್ ವ್ಯಾಗನ್‌ಗೆ ಸ್ವೀಡಿಷ್ ಜನ ಬಳಸುವ ಹಳೆಯ ಹೆಸರು ಹೆರ್‌ಗೋರ್ಡ್ಸ್‌ವಾಗ್ನ್. ನಮ್ಮ ಮಾತಲ್ಲಿ ಹೇಳುವುದಾದರೆ ದೊಡ್ಡಮನೆಯ ಗಾಡಿ. ಹಿಂದಿನ ಸೀಟು ಮಡಚಿದರೆ ಒಂದು ಸೋಫಾ ಒಳಗೆ ಹೋಗುತ್ತದೆ. ಆ ಹೆಸರು ಇದಕ್ಕೆ ಒಪ್ಪುತ್ತದೆ, ಅಲ್ವಾ?

ಕೆಲಸಕ್ಕೋ ಓದಿಗೋ ಬಂದು ಯುರೋಪಿನಲ್ಲಿ ನೆಲೆಸಿ, ಇಂಥದೊಂದು ಕಾರಿನ ಮೇಲೆ ಮನಸ್ಸಾಗಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ 1990ರ ದಶಕದ ಟಾಟಾ ಎಸ್ಟೇಟ್ ಇಟ್ಟುಕೊಂಡವರಿಗೂ ಪಾರ್ಟ್ಸ್ ಹುಡುಕುವ ಭಾಗ ಉಪಯೋಗಕ್ಕೆ ಬರುತ್ತದೆ.

ಕೊಳ್ಳುವ ಮುಂಚೆ: ಎಂಜಿನ್ ಅಲ್ಲ, ತಗಡು ನೋಡಿ

ಕಾರು ನೋಡಲು ಹೋದಾಗ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಈ ಕಾರಿನಲ್ಲಿ ಅದು ಕೊನೆಯ ಕೆಲಸವಾಗಬೇಕು. ಕೆಂಪು ಬಣ್ಣದ ಆ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ತುಂಬಾ ಗಟ್ಟಿ. ಕೆಟ್ಟರೂ ಸರಿ ಮಾಡುವುದು ಸುಲಭ, ಇನ್ನೊಂದು ಸಿಗುವುದೂ ಸುಲಭ. ಕಾರನ್ನು ತಿನ್ನುವುದು ತುಕ್ಕು. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯ ಪೊಳ್ಳುಗಳಲ್ಲಿ ನಿಂತು ಒಳಗಿನಿಂದ ಕೊರೆಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತು ಬಿದ್ದಿರುತ್ತದೆ.

ಒಂದು ಟಾರ್ಚ್, ಒಂದು ಸಣ್ಣ ಆಯಸ್ಕಾಂತ, ಒಂದು ಮೊಂಡು ಸ್ಕ್ರೂಡ್ರೈವರ್, ಮಲಗಲು ಒಂದು ಹಳೇ ಚಾಪೆ ತೆಗೆದುಕೊಂಡು ಹೋಗಿ. ಜಾಗಗಳನ್ನು ಈ ಕ್ರಮದಲ್ಲಿ ನೋಡಿ.

ಮೊದಲು ಹಿಂಬಾಗಿಲು. ಗಾಜಿನ ಕೆಳಗಿನ ಅಂಚು ಮತ್ತು ಬಾಗಿಲಿನ ತಳದ ಮಡಿಕೆಯಲ್ಲಿ ಬೆರಳಾಡಿಸಿ. ಆಮೇಲೆ ಒಳಗಿನ ಕಾರ್ಪೆಟ್ ಎತ್ತಿ, ನೆಲದ ಹಲಗೆ ತೆಗೆಯಿರಿ. ಎರಡು ಬದಿಗೂ ಆಳವಾದ ಗುಳಿಗಳಿವೆ. ಸ್ಪೇರ್ ಟಯರ್ ಕೂರುವುದೂ ಅಲ್ಲೇ. ಹಿಂಬಾಗಿಲಿನ ರಬ್ಬರ್ ಬೀಡಿಂಗ್ ಸೋತಿದ್ದರೆ ನೀರು ಸೀದಾ ಆ ಗುಳಿಗಳಿಗೆ ಇಳಿದಿರುತ್ತದೆ. ಟಯರ್ ಎತ್ತಿ ಅಡಿಯಲ್ಲಿ ಕೈಯಾಡಿಸಿ. ನಾನು ನೋಡಿದ ಮೂರು ಕಾರುಗಳಲ್ಲಿ ಒಂದರ ಗುಳಿಯಲ್ಲಿ ನೀರೇ ನಿಂತಿತ್ತು. ಆ ಕಾರಿನ ಪೇಂಟ್ ಮಾತ್ರ ಕನ್ನಡಿ ಥರ ಹೊಳೆಯುತ್ತಿತ್ತು.

ಇನ್ನು ಹಿಂದಿನ ಚಕ್ರದ ಕಮಾನುಗಳು. ಆಯಸ್ಕಾಂತ ಇಟ್ಟು ಸರಿಸುತ್ತಾ ಹೋಗಿ. ಅಂಟದೆ ಜಾರಿದ ಕಡೆ ಪುಟ್ಟಿ ತುಂಬಿದ್ದಾರೆ ಅಂತ ತಿಳಿಯಿರಿ. ಆಮೇಲೆ ಜಾಕ್ ಕೊಡುವ ಜಾಗಗಳು, ಬಾಗಿಲ ಕೆಳಗಿನ ಸಿಲ್, ಮುಂದಿನ ಸೀಟಿನವರು ಕಾಲಿಡುವ ನೆಲ, ಬ್ಯಾಟರಿ ತಟ್ಟೆಯ ಕೆಳಭಾಗ. ಸ್ಕ್ರೂಡ್ರೈವರಿನ ಹಿಡಿಯಿಂದ ಸಣ್ಣಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಮಂಕಾಗಿ ಸದ್ದು ಮಾಡುತ್ತದೆ. ತೆಂಗಿನಕಾಯಿ ತಟ್ಟಿ ನೋಡುವವರ ಕಿವಿ ಇದಕ್ಕೂ ಸಾಕು.

ಕಮಾನಿನ ತುಕ್ಕಿಗೆ ಹೆದರಬೇಡಿ, ಅದಕ್ಕೆ ರಿಪೇರಿ ತಗಡು ಸಿಗುತ್ತದೆ. ಮುಂದಿನ ಫ್ರೇಮ್, ಸಸ್ಪೆನ್ಷನ್ ಕೂರುವ ಜಾಗ, ಗಾಳಿಗಾಜಿನ ಚೌಕಟ್ಟು ಇವುಗಳಲ್ಲಿ ತೂತಿದ್ದರೆ ಕೈ ಮುಗಿದು ವಾಪಸ್ ಬನ್ನಿ. 1980ರ ದಶಕದ ಕೊನೆಯ ಹಾಗೂ 90ರ ದಶಕದ ಕಾರುಗಳು ತುಕ್ಕಿನ ವಿಷಯದಲ್ಲಿ ಎಷ್ಟೋ ವಾಸಿ. ಮೊದಲ ಸಲ ಕೈ ಹಾಕುವವರು ಅಂಥದ್ದನ್ನೇ ಹುಡುಕಿ. ಹಣ ಸ್ವಲ್ಪ ಜಾಸ್ತಿಯಾದರೂ ವೆಲ್ಡಿಂಗಿನಲ್ಲಿ ಅದು ಉಳಿಯುತ್ತದೆ.

ಸ್ಪಾನರ್ ಹಿಡಿಯುವ ಮುಂಚೆ: ಕಾರಿನ ಜಾತಕ ಬರೆದಿಡಿ

ಕಾರು ಮನೆಗೆ ಬಂದ ಮೊದಲ ವಾರ ಏನೂ ಬಿಚ್ಚಬೇಡಿ. ಒಂದು ನೋಟ್‌ಬುಕ್ ಕೊಳ್ಳಿ.

ಬಾನೆಟ್ ಕೆಳಗೆ ತಗಡಿನ ಒಂದು ಫಲಕವಿದೆ. ಚಾಸಿ ನಂಬರ್, ಪೇಂಟಿನ ಕೋಡ್, ಸೀಟಿನ ಬಟ್ಟೆಯ ಕೋಡ್ ಎಲ್ಲ ಅದರಲ್ಲಿವೆ. ಅದನ್ನು ಒರೆಸಿ, ಫೋಟೋ ತೆಗೆದು, ಕೈಯಲ್ಲೂ ಬರೆದುಕೊಳ್ಳಿ. 1980ರ ದಶಕದ ಕಾರುಗಳಲ್ಲಿ 17 ಅಕ್ಷರದ ಚಾಸಿ ನಂಬರ್ ಇರುತ್ತದೆ. ಸ್ವೀಡನ್ನಿನ ವೋಲ್ವೋ ಆದರೆ ವೈವಿ1 ಅಂತ ಶುರು. 10ನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ. ಜಿ ಅಂದರೆ 1986, ಎಚ್ ಅಂದರೆ 1987, ಜೆ ಅಂದರೆ 1988. ನಡುವಿನ ಐ ಬಿಟ್ಟಿರುತ್ತಾರೆ. ಹಾಗೇ ಮುಂದೆ ಹೋಗಿ ಪಿ ಅಂದರೆ 1993. ಹಳೇ ಕಾರಿನ ಹಿಂದೆ 245 ಅಂತ ಬರೆದಿದ್ದರೆ ಅದನ್ನು ಬಿಡಿಸಿ ಓದಬೇಕು: 2ನೇ ಸರಣಿ, 4 ಸಿಲಿಂಡರ್, 5 ಬಾಗಿಲು.

ಮಾಡೆಲ್ ವರ್ಷ ಯಾಕೆ ಅಷ್ಟು ಮುಖ್ಯ? ದೂರದಿಂದ ಎಲ್ಲ 240ಗಳೂ ಒಂದೇ ಥರ ಕಾಣುತ್ತವೆ, ಹತ್ತಿರ ಹೋದರೆ ಹಾಗಲ್ಲ. 1981ರ ಮಾಡೆಲ್‌ಗೆ ಡ್ಯಾಶ್‌ಬೋರ್ಡ್ ಮತ್ತು ಮುಖ ಬದಲಾಯಿತು. 1986ರ ಮಾಡೆಲ್‌ಗೆ ಮತ್ತೆ ಮುಖ ಬದಲಾಯಿತು. ಕೆಲವು ಪಾರ್ಟ್‌ಗಳು ವರ್ಷದ ಮಧ್ಯೆಯೇ ಬದಲಾಗಿವೆ. ಪಾರ್ಟ್ಸ್ ಕ್ಯಾಟಲಾಗಿನಲ್ಲಿ "ಈ ಚಾಸಿ ನಂಬರಿನಿಂದ ಮುಂದೆ" ಅಂತ ಗೆರೆ ಎಳೆದಿರುತ್ತಾರೆ. ಬರೀ "87ರ ಮಾಡೆಲ್" ಅಂದರೆ ಸಾಕಾಗುವುದಿಲ್ಲ.

ಇದನ್ನು ನಾನು ಕಲಿತಿದ್ದು ಬ್ರೇಕ್ ಪ್ಯಾಡಿನಿಂದ. ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್. ಈ ಕಾರಿನ ಬ್ರೇಕ್ ಕ್ಯಾಲಿಪರ್‌ಗಳನ್ನು ಎರಡು ಕಂಪನಿಗಳು ಮಾಡಿಕೊಡುತ್ತಿದ್ದವು, ಎಟಿಇ ಮತ್ತು ಗರ್ಲಿಂಗ್. ಒಂದರ ಪ್ಯಾಡ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ವರ್ಷದ ಎರಡು ಕಾರುಗಳಲ್ಲಿ ಎರಡು ಥರ ಇರಬಹುದು. ನಾನು ವರ್ಷ ಹೇಳಿ ತರಿಸಿದ್ದೆ, ಬಂದದ್ದು ಇನ್ನೊಂದರದ್ದು. ಚಕ್ರ ಬಿಚ್ಚಿ ಕ್ಯಾಲಿಪರಿನ ಮೈಮೇಲಿನ ಹೆಸರು ಓದಿದ್ದರೆ ಎರಡು ವಾರ ಉಳಿಯುತ್ತಿತ್ತು. ಜೆ.ಸಿ. ರೋಡಿನ ಅಂಗಡಿಯವನ ಪ್ರಶ್ನೆ ಅವತ್ತು ಮತ್ತೆ ಕಿವಿಯಲ್ಲಿ ಕೇಳಿಸಿತು.

ಅಂದಿನಿಂದ ನನ್ನ ನಿಯಮ ಇಷ್ಟೇ. ಹೊಸ ಪಾರ್ಟ್ ಕೈಗೆ ಬಂದು, ಕಾರಿನಲ್ಲಿ ಕೂತು, ಕೆಲಸ ಮಾಡುವವರೆಗೆ ಹಳೆಯದನ್ನು ಎಸೆಯುವುದಿಲ್ಲ. ಮುರಿದದ್ದಾದರೂ ಸರಿ, ಸುಟ್ಟದ್ದಾದರೂ ಸರಿ. ಜಿಪ್ ಚೀಲದಲ್ಲಿ ಹಾಕಿ, ಯಾವ ಜಾಗದ್ದು, ಎಷ್ಟು ಬೋಲ್ಟ್, ಯಾವ ಕಡೆ ಮುಖ ಅಂತ ಚೀಟಿ ಬರೆದು ಇಡುತ್ತೇನೆ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೋ. ಮೂರು ತಿಂಗಳ ಮೇಲೆ ಜೋಡಿಸಲು ಕೂತಾಗ ನಿಮ್ಮ ನೆನಪು ಕೈಕೊಡುತ್ತದೆ, ಚೀಟಿ ಕೈಕೊಡುವುದಿಲ್ಲ.

ಮೊದಲು ತಗಡಿನ ಕೆಲಸ

ಎಲ್ಲರಿಗೂ ಮೊದಲು ಪೇಂಟ್ ಮಾಡಿಸುವ ಆಸೆ. ದಯವಿಟ್ಟು ಬೇಡ. ಮೊದಲು ತುಕ್ಕು, ಆಮೇಲೆ ಬ್ರೇಕ್, ಆಮೇಲೆ ಪೆಟ್ರೋಲ್ ಪೈಪು ಮತ್ತು ವೈರಿಂಗ್, ಆಮೇಲೆ ಎಂಜಿನ್. ಒಳಗಿನ ಅಲಂಕಾರ ಮತ್ತು ಪೇಂಟ್ ಕೊನೆಗೆ.

ತುಕ್ಕು ಹಿಡಿದ ತಗಡಿನ ಮೇಲೆ ಹೊಸ ತಗಡು ಅಂಟಿಸುವುದು ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದ ಹಾಗೆ. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು. ಆಮೇಲೆ ಅಳತೆಗೆ ಹೊಸ ತಗಡು ಕೂರಿಸಿ ವೆಲ್ಡ್ ಮಾಡಬೇಕು. ಭಾರ ಹೊರುವ ಜಾಗಗಳಲ್ಲಿ ರಿವೆಟ್, ಅಂಟು, ಫೈಬರ್ ಯಾವುದೂ ಬೇಡ. ವೆಲ್ಡಿಂಗ್ ಬರದಿದ್ದರೆ ಬಲ್ಲವರಿಂದಲೇ ಮಾಡಿಸಿ. ತುಕ್ಕು ಕೆರೆಯುವುದು, ಕಾರ್ಪೆಟ್ ಮತ್ತು ಸೀಟು ಬಿಚ್ಚುವುದು, ಪ್ರೈಮರ್ ಹೊಡೆಯುವುದು ನೀವೇ ಮಾಡಿಕೊಂಡರೆ ಅವರ ಕೂಲಿ ಅರ್ಧಕ್ಕೆ ಇಳಿಯಬಹುದು. ವೆಲ್ಡ್ ಮಾಡುವ ಮುಂಚೆ ಬ್ಯಾಟರಿಯ ಎರಡೂ ತಂತಿ ತೆಗೆಯಿರಿ. ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ನೋಡಿಕೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ತಾಸು ಗ್ಯಾರೇಜ್ ಬಿಟ್ಟು ಹೋಗಬೇಡಿ, ಕಾರ್ಪೆಟ್ ಅಡಿಯ ಟಾರ್ ಹಾಳೆ ನಿಧಾನವಾಗಿ ಹೊಗೆಯಾಡಿ ಹತ್ತಿಕೊಳ್ಳಬಹುದು.

ವೆಲ್ಡ್ ಆದ ಮೇಲೆ ಪೊಳ್ಳುಗಳ ಒಳಗೆ ಮೇಣ ಹೊಡೆಯಬೇಕು. ಡಿನಿಟ್ರೋಲ್, ಟೆಕ್ಟೈಲ್ ಇಲ್ಲಿ ಎಲ್ಲರ ಬಾಯಲ್ಲಿರುವ ಹೆಸರುಗಳು. ಮೊದಲು ಸಂದಿಗೆ ಹರಿದುಹೋಗುವ ತೆಳು ಮೇಣ, ಆಮೇಲೆ ಹೊರಮೈಗೆ ದಪ್ಪನೆಯದು. ಬೇಸಿಗೆಯಲ್ಲಿ, ಕಾರು ಪೂರ್ತಿ ಒಣಗಿದ ಮೇಲೆಯೇ ಮಾಡಿ. ಸಿಲ್ ಮತ್ತು ಬಾಗಿಲ ತಳದಲ್ಲಿ ನೀರು ಹೊರಹೋಗುವ ಸಣ್ಣ ಕಿಂಡಿಗಳಿವೆ, ಮೇಣದಿಂದ ಅವು ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ. ಸುಮಾರು ಕಾರುಗಳ ಸಿಲ್ ಕೊಳೆತದ್ದು ಈ ಕಿಂಡಿ ಕಟ್ಟಿಕೊಂಡೇ.

ಬ್ರೇಕ್

ಇದರ ಬ್ರೇಕಿನ ವಿನ್ಯಾಸ ಕಂಡರೆ ನನಗೆ ತುಂಬಾ ಗೌರವ. ನಾಲ್ಕೂ ಚಕ್ರಕ್ಕೆ ಡಿಸ್ಕ್. ಎರಡು ಬೇರೆ ಬೇರೆ ಆಯಿಲ್ ಸಾಲುಗಳು, ಒಂದೊಂದು ಸಾಲೂ ಎರಡು ಮುಂದಿನ ಚಕ್ರ ಮತ್ತು ಒಂದು ಹಿಂದಿನ ಚಕ್ರವನ್ನು ಹಿಡಿಯುತ್ತದೆ. ಒಂದು ಸಾಲು ಪೂರ್ತಿ ಕೈಕೊಟ್ಟರೂ ಮೂರು ಚಕ್ರಕ್ಕೆ ಬ್ರೇಕ್ ಇರುತ್ತದೆ. ಅದಕ್ಕೇ ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಹೋಸ್. ಹೋಸ್ ತರಿಸುವಾಗ ಲೆಕ್ಕ ತಪ್ಪಬೇಡಿ. ಹಿಂದಿನ ಡಿಸ್ಕಿನ ಒಳಗೆ ಹ್ಯಾಂಡ್‌ಬ್ರೇಕಿಗೆ ಪುಟ್ಟ ಡ್ರಮ್ ಮತ್ತು ಶೂ ಇವೆ, ಅವನ್ನೂ ನೋಡಿ. ವರ್ಷಗಟ್ಟಲೆ ನಿಂತಿದ್ದ ಕಾರಾದರೆ ಹೋಸ್, ಆಯಿಲ್, ಕ್ಯಾಲಿಪರಿನ ಸೀಲ್ ಎಲ್ಲ ಹೊಸದಾಗಲಿ. ಹಳೇ ಪ್ಯಾಡಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ವೈರಿಂಗ್: 1980ರಿಂದ 87ರವರೆಗಿನ ಕಾರಿನವರು ಗಮನವಿಟ್ಟು ಓದಿ

ಈ ವರ್ಷಗಳ ಕಾರುಗಳ ಎಂಜಿನ್ ವೈರಿಂಗಿನ ಮೇಲಿನ ಪ್ಲಾಸ್ಟಿಕ್ ಕಾಲ ಕಳೆದಂತೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಎಂಜಿನ್ ಶಾಖ ತಾಗಿ ತಂತಿ ಬೆತ್ತಲಾಗುತ್ತದೆ, ಒಂದಕ್ಕೊಂದು ತಾಗುತ್ತದೆ. ಕಾರು ಒಂದು ದಿನ ಸ್ಟಾರ್ಟ್ ಆಗುತ್ತದೆ, ಇನ್ನೊಂದು ದಿನ ಇಲ್ಲ. ಜನ ಒಂದೊಂದೇ ಸೆನ್ಸರ್ ಬದಲಿಸುತ್ತಾ ದುಡ್ಡು ಸುರಿಯುತ್ತಾರೆ. ನನ್ನ ಕಾರಿನಲ್ಲೂ ಆಗಿದ್ದು ಇದೇ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹತ್ತಿರದ ಒಂದು ತಂತಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಹೊದಿಕೆ ಬಿರುಕು ಬಿಟ್ಟರೆ ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ. ಇಡೀ ಎಂಜಿನ್ ವೈರಿಂಗನ್ನೇ ಬದಲಿಸಿ. ಬಳಸಿದ ಹಳೇ ವೈರಿಂಗ್ ತರುವುದು ವ್ಯರ್ಥ, ಅದೂ ಅದೇ ವಯಸ್ಸಿನದು. ಹೊಸದಾಗಿ ಹೆಣೆದದ್ದನ್ನು ಮಾರುವವರಿದ್ದಾರೆ. ಇಲ್ಲವಾದರೆ ನಿಮ್ಮ ಹಳೆಯದನ್ನೇ ಹಲಗೆಯ ಮೇಲೆ ಹಾಸಿ, ಅದರ ಅಳತೆಗೆ, ಅದೇ ಬಣ್ಣದ ತಂತಿಗಳಲ್ಲಿ ಹೊಸದು ಹೆಣೆಯಬಹುದು. ನಾನು ಹಾಗೇ ಮಾಡಿದೆ, ಒಂದು ಇಡೀ ಚಳಿಗಾಲ ಹಿಡಿಯಿತು. ಹಳೇ ವೈರಿಂಗ್ ಎಸೆದಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಎಸ್ಟೇಟಿಗೆ ಇನ್ನೊಂದು ರೋಗ ಇದೆ. ಹಿಂಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಅದರ ಕೀಲಿನ ಹತ್ತಿರ ತಂತಿಗಳು ಒಳಗೇ ತುಂಡಾಗುತ್ತವೆ. ಹಿಂದಿನ ವೈಪರ್, ಗಾಜಿನ ಹೀಟರ್, ನಂಬರ್ ಪ್ಲೇಟಿನ ದೀಪ ಒಂದಾದ ಮೇಲೊಂದು ನಿಂತರೆ ಮೋಟಾರ್ ಕೊಳ್ಳಲು ಓಡಬೇಡಿ. ಮೊದಲು ಕೀಲಿನ ಹತ್ತಿರ ತಂತಿ ಎಳೆದು ನೋಡಿ. ಬಗ್ಗುವ ಗುಣದ ಮೆತ್ತನೆ ತಂತಿ ಹಾಕಿ ಬೆಸೆದರೆ ಮುಗಿಯಿತು.

ಫ್ಯೂಸ್ ಬಾಕ್ಸ್ ಇರುವುದು ಡ್ರೈವರ್ ಕಾಲಿನ ಪಕ್ಕ, ಬಾಗಿಲ ಹತ್ತಿರ. ಅಲ್ಲಿ ತೇವ ಸೇರಿ ಫ್ಯೂಸಿನ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಒಂದೊಂದೇ ತೆಗೆದು, ಹಿಡಿಕೆಗಳನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ. ನನ್ನ ಕಾರಿನ ಅರ್ಧ ತೊಂದರೆ ಆ ಒಂದು ತಾಸಿನ ಕೆಲಸದಲ್ಲಿ ಹೋಯಿತು.

ಎಂಜಿನ್ ಬಗ್ಗೆ ಸ್ವಲ್ಪವೇ

1985ರಿಂದ ಬಂದ ಬಿ230 ಎಂಜಿನ್ನೇ 740 ಮತ್ತು 940 ಮಾಡೆಲ್‌ಗಳಲ್ಲೂ ಇತ್ತು. ಆದ್ದರಿಂದ ಎಂಜಿನ್ ಪಾರ್ಟ್‌ಗಳಿಗೆ ಬರ ಇಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬರೆದಿಟ್ಟ ದಾಖಲೆ ಇಲ್ಲದಿದ್ದರೆ ಮೊದಲ ದಿನವೇ ಬದಲಿಸಿ, ಆಮೇಲೆ ಸುಮಾರು 80,000 ಕಿ.ಮೀ.ಗೊಮ್ಮೆ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೂ ಸಾಮಾನ್ಯವಾಗಿ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ. ಆದರೂ ಹೆದ್ದಾರಿಯಲ್ಲಿ ನಿಂತುಹೋಗುವುದು ಯಾರಿಗೆ ಬೇಕು?

ಆಯಿಲ್ ಸೋರುತ್ತಿದ್ದರೆ ತಕ್ಷಣ ಸೀಲ್ ಬದಲಿಸಬೇಡಿ. ಎಂಜಿನ್ ಒಳಗಿನ ಹೊಗೆ ಹೊರಹೋಗುವ ದಾರಿಯಲ್ಲಿ ಫ್ಲೇಮ್ ಟ್ರಾಪ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇದೆ. ಅದು ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಎಲ್ಲ ಸೀಲುಗಳಿಂದ ಹೊರಗೆ ತಳ್ಳಿಕೊಂಡು ಬರುತ್ತದೆ. ಪರೀಕ್ಷೆ ಸುಲಭ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿ. ಗ್ಲೌಸ್ ಬಲೂನಿನಂತೆ ಉಬ್ಬಿದರೆ ದಾರಿ ಕಟ್ಟಿದೆ ಅಂತ. ಬಿಲ್ಲೆ ಮತ್ತು ಪೈಪು ಬದಲಿಸಿ, ಪಕ್ಕದ ಆಯಿಲ್ ಬೇರ್ಪಡಿಸುವ ಡಬ್ಬಿ ಕೂಡ ನೋಡಿ. ಸೀಲಿನ ಕೆಲಸ ಅದಾದ ಮೇಲೆ.

ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಕಾರಿನಲ್ಲಿ ಎರಡು ಪೆಟ್ರೋಲ್ ಪಂಪು: ಟ್ಯಾಂಕಿನ ಒಳಗೆ ಒಂದು, ಕಾರಿನ ಅಡಿಯಲ್ಲಿ ಒಂದು. ಅಡಿಯ ಪಂಪು ಜೋರಾಗಿ ಗುಂಯ್‌ಗುಟ್ಟಿದರೆ ತಪ್ಪು ಬಹುಶಃ ಅದರದ್ದಲ್ಲ. ಟ್ಯಾಂಕಿನೊಳಗಿನದು ಸತ್ತಿದೆ, ಹೊರಗಿನದು ಒಂಟಿಯಾಗಿ ಎಳೆಯುತ್ತಿದೆ.

ಪಾರ್ಟ್ಸ್ ಹುಡುಕುವುದು

ಇನ್ನು ಮುಖ್ಯ ವಿಷಯ. "ಒರಿಜಿನಲ್" ಅನ್ನುವ ಮಾತನ್ನು ಎಲ್ಲರೂ ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ನಾನು ಐದು ಬಗೆ ಮಾಡಿಕೊಂಡಿದ್ದೇನೆ. ವೋಲ್ವೋ ಡಬ್ಬಿಯಲ್ಲಿ ಇವತ್ತೂ ಬರುವ ಹೊಸದು. ವೋಲ್ವೋಗೆ ಮಾಡಿಕೊಡುತ್ತಿದ್ದ ಕಂಪನಿಯೇ ತನ್ನ ಹೆಸರಿನ ಡಬ್ಬಿಯಲ್ಲಿ ಮಾರುವುದು. ಆ ಕಾಲದಲ್ಲೇ ಮಾಡಿ, ಬಳಸದೆ ಅಂಗಡಿಯ ಅಟ್ಟದಲ್ಲಿ ಉಳಿದದ್ದು. ಬೇರೆ ಕಾರಿನಿಂದ ಬಿಚ್ಚಿದ್ದು. ಕೊನೆಗೆ, ಹಳೆಯದನ್ನು ನೋಡಿಕೊಂಡು ಈಗ ಯಾರೋ ಹೊಸದಾಗಿ ಮಾಡಿದ್ದು.

ಎರಡನೆಯ ಬಗೆಯನ್ನು ಜನ ಮರೆಯುತ್ತಾರೆ, ನನಗೆ ಅದೇ ಇಷ್ಟ. ಯಾವ ಕಾರು ಕಂಪನಿಯೂ ಎಲ್ಲ ಪಾರ್ಟನ್ನೂ ತಾನೇ ಮಾಡುವುದಿಲ್ಲ. ಇಂಜೆಕ್ಷನ್ ಬಾಷ್‌ನದು, ಕ್ಲಚ್ ಸ್ಯಾಕ್ಸ್‌ನದು, ಬೇರಿಂಗ್ ಎಸ್‌ಕೆಎಫ್‌ನದು. ವೋಲ್ವೋ ಹುಟ್ಟಿದ್ದೇ ಗೋಥೆನ್‌ಬರ್ಗ್‌ನ ಆ ಬೇರಿಂಗ್ ಕಂಪನಿಯ ಮಡಿಲಲ್ಲಿ. ಮೊದಲ ಕಾರು ಹೊರಬಂದದ್ದು 1927ರ ಏಪ್ರಿಲ್ 14ರಂದು. ಲ್ಯಾಟಿನ್‌ನಲ್ಲಿ ವೋಲ್ವೋ ಅಂದರೆ "ನಾನು ಉರುಳುತ್ತೇನೆ" ಅಂತ, ಬೇರಿಂಗಿಗೆ ಇಟ್ಟ ಹೆಸರು ಅದು. ನಿಮ್ಮ ಹಳೇ ಪಾರ್ಟನ್ನು ಚೆನ್ನಾಗಿ ತೊಳೆದು ಭೂತಗನ್ನಡಿಯಲ್ಲಿ ನೋಡಿ. ಮಾಡಿದವರ ಹೆಸರು, ಅವರದೇ ನಂಬರ್ ಸಿಗುತ್ತದೆ. ಅದೇ ಕಂಪನಿಯ ಅದೇ ಪಾರ್ಟ್ ವೋಲ್ವೋ ಡಬ್ಬಿ ಇಲ್ಲದೆ ಎಷ್ಟೋ ಕಡಿಮೆ ಬೆಲೆಗೆ ಬರುತ್ತದೆ.

ಒಂದು ಎಚ್ಚರಿಕೆ. ಎರಕದ ಲೋಹದ ಮೇಲೆ ಉಬ್ಬಿಕೊಂಡಿರುವ ನಂಬರ್ ಎರಕದ ಅಚ್ಚಿನದು. ಆರ್ಡರ್ ಮಾಡುವ ಪಾರ್ಟ್ ನಂಬರ್ ಅದೇ ಆಗಿರಬೇಕೆಂದಿಲ್ಲ. ಆ ಕಾಲದ ವೋಲ್ವೋ ಪಾರ್ಟ್ ನಂಬರ್‌ಗಳು ಹೆಚ್ಚಾಗಿ ಏಳು ಅಂಕಿಯವು. ಹಳೇ ನಂಬರಿನ ಬದಲು ಹೊಸ ನಂಬರ್ ಬಂದಿರುವುದೂ ಉಂಟು. ಚಾಸಿ ನಂಬರ್ ಕೊಟ್ಟು ಕ್ಯಾಟಲಾಗಿನಲ್ಲಿ ಖಚಿತ ಮಾಡಿಕೊಂಡು, ಎರಡೂ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹುಡುಕುವಾಗ ಎರಡನ್ನೂ ಹಾಕಿ ಹುಡುಕಬೇಕು.

ಎಲ್ಲಿ ಹುಡುಕಬೇಕು? ಮೊದಲು ವೋಲ್ವೋ ಷೋರೂಮಿನ ಪಾರ್ಟ್ಸ್ ಕೌಂಟರ್. ಇಷ್ಟು ಹಳೇ ಕಾರಿಗೆ ಏನು ಸಿಗುತ್ತೆ ಅಂತ ಸುಮ್ನೆ ಕೂರಬೇಡಿ. ನಂಬರ್ ಹೇಳಿದರೆ ಗ್ಯಾಸ್ಕೆಟ್, ಸೀಲ್, ಕ್ಲಿಪ್‌ನಂಥ ಸಣ್ಣ ಸಾಮಾನು ಈಗಲೂ ಸಿಗುವುದುಂಟು. ಆಮೇಲೆ ಹಳೇ ವೋಲ್ವೋಗಳಿಗೇ ಇರುವ ಅಂಗಡಿಗಳು. ಸ್ವೀಡನ್ನಿನ ಮೆಲ್ಲೆರುಡ್ ಊರಿನ ವಿಪಿ ಆಟೋಪಾರ್ಟ್ಸ್, ಜರ್ಮನಿಯ ಸ್ಕಾಂಡಿಕ್ಸ್ ಹೆಸರಾದವು. ಬಳಸಿದ ಪಾರ್ಟಿಗೆ ಬ್ಲಾಕೆಟ್ ಮತ್ತು ಟ್ರಾಡೆರಾ ಜಾಲತಾಣಗಳು. ಗುಜರಿಗಳಲ್ಲಿರುವ ಸಾಮಾನನ್ನು ಒಟ್ಟಿಗೆ ಹುಡುಕಲು ಬಿಲ್‌ಡೆಲ್ಸ್‌ಬಾಸೆನ್ ಇದೆ.

ನಾನಂತೂ ಗುಜರಿಗೆ ಸ್ವತಃ ಹೋಗಿ ಅನ್ನುತ್ತೇನೆ. ಸ್ವೀಡಿಷ್‌ನಲ್ಲಿ ಬಿಲ್‌ಸ್ಕ್ರೂಟ್ ಅನ್ನುತ್ತಾರೆ. ಊರ ಹೊರಗೆ, ಕಾಡಿನ ಅಂಚಿನಲ್ಲಿ ಇರುತ್ತವೆ. ಶಿವಾಜಿನಗರದ ಗುಜರಿ ಅಂಗಡಿಗಳ ಗಲಾಟೆ ಇಲ್ಲ, ಚೌಕಾಸಿಯೂ ಅಷ್ಟಾಗಿ ನಡೆಯದು. ಆದರೆ ಹಳೇ ಪಾರ್ಟನ್ನು ಮೇಜಿನ ಮೇಲೆ ಇಟ್ಟ ತಕ್ಷಣ ಅಲ್ಲಿಯ ಹಿರಿಯರ ಮುಖ ಅರಳುವುದು ಮಾತ್ರ ಎರಡೂ ಕಡೆ ಒಂದೇ. ನನ್ನ ಹರುಕುಮುರುಕು ಸ್ವೀಡಿಷ್‌ನಲ್ಲಿ ವಿವರಿಸಲಾಗದ ಒಂದು ಸಣ್ಣ ಪ್ಲಾಸ್ಟಿಕ್ ಹಿಡಿಕೆಯನ್ನು ಕೈಯಲ್ಲಿ ತೋರಿಸಿದೆ. ಮಾತಾಡದೆ ಎದ್ದು ಹೋದವರು ಒಂದು ಡಬ್ಬಿ ತುಂಬ ಅಂಥವೇ ತಂದು ಮುಂದೆ ಸುರಿದರು.

ಎಸ್ಟೇಟಿನವರಿಗೆ ಒಂದು ಮುಖ್ಯ ಲೆಕ್ಕ. ಕಾರಿನ ಮುಂದಿನ ಅರ್ಧ ಸೆಡಾನಿನದೇ. ಬಾನೆಟ್, ಮುಂದಿನ ಫೆಂಡರ್, ನಾಲ್ಕು ಬಾಗಿಲಿನ ಸೆಡಾನಿನ ಮುಂದಿನ ಬಾಗಿಲು, ಡ್ಯಾಶ್‌ಬೋರ್ಡ್, ಮುಂದಿನ ಸೀಟು ಎಲ್ಲ ಸೆಡಾನಿನಿಂದ ತೆಗೆಯಬಹುದು, ವರ್ಷ ಹೊಂದಿದರೆ ಸಾಕು. ಹಿಂದಿನ ಅರ್ಧ ಎಸ್ಟೇಟಿಗೆ ಮಾತ್ರ. ಹಿಂಬಾಗಿಲು, ಪಕ್ಕದ ಉದ್ದ ಗಾಜು, ಹಿಂದಿನ ದೀಪ, ಸಾಮಾನು ಜಾಗದ ಒಳಹೊದಿಕೆ, ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು. ಇವು ಕಣ್ಣಿಗೆ ಬಿದ್ದರೆ ಇವತ್ತು ಬೇಡದಿದ್ದರೂ ಕೊಂಡಿಡಿ. ಮುಂದಿನ ಅರ್ಧದ್ದು ನಾಳೆಯೂ ಸಿಗುತ್ತದೆ.

ಯಾವುದು ಹೊಸದು, ಯಾವುದು ಹಳೆಯದು? ರಬ್ಬರ್ ಮತ್ತು ಬ್ರೇಕಿಗೆ ಸೇರಿದ ಯಾವುದನ್ನೂ ಬಳಸಿದ್ದು ಕೊಳ್ಳಬೇಡಿ. ಡಬ್ಬಿ ಒಡೆಯದ 30 ವರ್ಷದ ಹಳೇ ಟೈಮಿಂಗ್ ಬೆಲ್ಟ್ ಎಷ್ಟೇ ಒರಿಜಿನಲ್ ಆಗಿರಲಿ, ರಬ್ಬರಿಗೆ ಕೂತಲ್ಲೇ ವಯಸ್ಸಾಗುತ್ತದೆ. ಹಳೇ ಸ್ಟಾಕಿನ ಬ್ರೇಕ್ ಪ್ಯಾಡೂ ಬೇಡ, ಆಸ್ಬೆಸ್ಟಾಸ್ ಇದ್ದೀತು. ಡ್ಯಾಶ್‌ಬೋರ್ಡ್, ಬಾಗಿಲ ಹಿಡಿ, ಗಾಜು, ಗ್ರಿಲ್, ಸ್ವಿಚ್ಚುಗಳಿಗೆ ಮಾತ್ರ ಹೊಸದಾಗಿ ಮಾಡಿದ್ದಕ್ಕಿಂತ ಬಳಸಿದ ಒರಿಜಿನಲ್ ಎಷ್ಟೋ ಮೇಲು. ಹಿಂಬಾಗಿಲಿನ ಬೀಡಿಂಗ್ ಒಂದನ್ನು ಈಗ ಮಾಡುವವರಿಂದ ಅಗ್ಗಕ್ಕೆ ತರಿಸಿದ್ದೆ. ನೋಡಲು ಹಾಗೇ ಇತ್ತು, ಆದರೆ ಮೈ ಸ್ವಲ್ಪ ತೆಳು. ಮೊದಲ ಮಳೆಗೇ ಗುಳಿಯಲ್ಲಿ ನೀರು. ಇಂಥದನ್ನು ತರಿಸಿದರೆ ಹಳೆಯದನ್ನು ಪಕ್ಕದಲ್ಲಿಟ್ಟು ದಪ್ಪ ಅಳೆದು ನೋಡಿ, ಆಮೇಲೆ ಕೂರಿಸಿ. ನಿಜವಾಗಿ ಆ ಕಾಲದ್ದೇ ಹೌದಾ ಅಂತ ನೋಡಲು ಒಂದು ಉಪಾಯ: ಪ್ಲಾಸ್ಟಿಕ್ ಪಾರ್ಟಿನ ಬೆನ್ನಿಗೆ ಎಷ್ಟೋ ಸಲ ಗಡಿಯಾರದಂಥ ಪುಟ್ಟ ವೃತ್ತ ಇರುತ್ತದೆ. ಬಾಣದ ತುದಿ ತಿಂಗಳು, ಮಧ್ಯದ ಅಂಕಿ ವರ್ಷ.

ಒಳಗಿನ ಕೆಲಸ

ಹೀಟರ್ ಫ್ಯಾನ್ ಕಿರುಗುಟ್ಟುತ್ತಿದ್ದರೆ ಸೀಟು ಮತ್ತು ಡ್ಯಾಶ್ ಬಿಚ್ಚಿರುವಾಗಲೇ ಬದಲಿಸಿಬಿಡಿ. ಅದು ಡ್ಯಾಶ್‌ಬೋರ್ಡಿನ ಒಡಲಲ್ಲಿದೆ, ಆಮೇಲೆ ಮಾಡಹೊರಟರೆ ಒಂದು ಪೂರ್ತಿ ದಿನ ಹೋಗುತ್ತದೆ. ಕಿ.ಮೀ. ಮೀಟರ್ ನಿಂತಿದ್ದರೆ ಒಳಗಿನ ಪುಟ್ಟ ಪ್ಲಾಸ್ಟಿಕ್ ಗಿಯರಿನ ಹಲ್ಲು ಮುರಿದಿದೆ. ಹೊಸ ಗಿಯರ್ ಸಿಗುತ್ತದೆ. ಹಾಕಿದ ಮೇಲೆ ಕಾರು ಓಡುವಾಗ ಟ್ರಿಪ್ ಸೊನ್ನೆ ಮಾಡುವ ಗುಂಡಿ ಒತ್ತಬೇಡಿ, ಅದು ಮುರಿಯುವುದೇ ಹಾಗೆ. ಸೀಟಿನ ಬಟ್ಟೆಗೆ ಫಲಕದಲ್ಲಿದ್ದ ಕೋಡ್ ಹಿಡಿದು ಹುಡುಕಿ. ಸಿಗದಿದ್ದರೆ ಹಿಂದಿನ ಸೀಟಿನ ಮರೆಯ ಭಾಗದಿಂದ ಬಟ್ಟೆ ತೆಗೆದು ಡ್ರೈವರ್ ಸೀಟಿಗೆ ಹೊಲಿಸಬಹುದು.

ಪರೀಕ್ಷೆಯ ದಿನ

ಸ್ವೀಡನ್ನಿನಲ್ಲಿ ವಾಹನ ತಪಾಸಣೆಗೆ ಬೆಸಿಕ್ಟ್ನಿಂಗ್ ಅನ್ನುತ್ತಾರೆ. 30 ವರ್ಷ ದಾಟಿದ ಕಾರಿಗೆ ವಾಹನ ತೆರಿಗೆ ಇಲ್ಲ, ತಪಾಸಣೆ ಎರಡು ವರ್ಷಕ್ಕೊಮ್ಮೆ. 50 ದಾಟಿದರೆ ತಪಾಸಣೆಯೂ ಇಲ್ಲ. ಹೋಗುವ ಹಿಂದಿನ ದಿನ ಎಲ್ಲ ಬಲ್ಬ್, ವೈಪರ್, ಹಾರ್ನ್, ಹ್ಯಾಂಡ್‌ಬ್ರೇಕ್ ನೋಡಿಕೊಳ್ಳಿ. ಅಡಿಭಾಗ ತೊಳೆದಿರಲಿ. ವೆಲ್ಡ್ ಮಾಡಿದ ಜಾಗಗಳ ಮುಂಚಿನ ಮತ್ತು ನಂತರದ ಫೋಟೋ ಜೊತೆಗಿರಲಿ. ನನ್ನ ಕಾರಿನ ಅಡಿ ನೋಡಿದವರು ಆ ಫೋಟೋಗಳನ್ನು ನಿಧಾನಕ್ಕೆ ನೋಡಿ, ತಲೆಯಾಡಿಸಿ, ಸೀಲ್ ಒತ್ತಿದರು. ಮೊದಲ ಸಲ ಒಂದು ಕಡೆಯ ಬುಷ್ ಸವೆದಿದೆ ಅಂತ ವಾಪಸ್ ಕಳಿಸಿದ್ದರು, ಅದನ್ನು ಬದಲಿಸಿ ಎರಡನೇ ಸಲ ಹೋದದ್ದು.

ಪಾಸಾದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಮನೆಯ ಸುತ್ತಲೇ ಓಡಿಸಿ. ಚಕ್ರದ ನಟ್ಟು, ಆಯಿಲ್, ಕೂಲಂಟ್ ಆಗಾಗ ನೋಡಿ. ಹಿಂದಿನ ಗುಳಿಯಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಿ. ಪೆಟ್ರೋಲ್ ಪಂಪಿನ ರಿಲೇ ಒಂದು, ಅದರ ಒಳಗಿನ ಬೆಸುಗೆ ಬಿರುಕು ಬಿಟ್ಟು ಕಾರು ದಾರಿಯಲ್ಲಿ ನಿಲ್ಲುವುದುಂಟು. ಫ್ಯೂಸ್ ಒಂದು ಹಿಡಿ, ಫ್ಯಾನ್ ಬೆಲ್ಟ್ ಒಂದು, ಬಲ್ಬುಗಳು, 10, 12, 13 ನಂಬರಿನ ಸ್ಪಾನರ್, ಟಾರ್ಚ್. ಜೊತೆಗೆ ಪಾರ್ಟ್ ನಂಬರ್ ಬರೆದ ಆ ನೋಟ್‌ಬುಕ್.